ಪದವಿಯೊಂದೇ ಸಾಕೇ?

"ಡಿಗ್ರಿ ಮಾಡಿದವರಿಗೇ ಕೆಲಸ ಇಲ್ಲ, ಇನ್ನು ನಾವು ಓದಿ ಏನು ಪ್ರಯೋಜನ?" ಎಂದು ದೊಡ್ಡ ತರಗತಿಯ ಮಕ್ಕಳು ಈಗೀಗ ಕೇಳುತ್ತಾರೆ. ಇದು ಗದರಿ ಸುಮ್ಮನಾಗಿಸುವ ಪ್ರಶ್ನೆಯಲ್ಲ.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ಹೊರತಂದ ವರದಿಯ ಪ್ರಕಾರ, ಭಾರತದಲ್ಲಿ ದುಡಿಯಲು ಸಿದ್ಧರಿದ್ದ 25 ವರ್ಷದೊಳಗಿನ ಪದವೀಧರರಲ್ಲಿ ಶೇಕಡಾ 42ರಷ್ಟು ಮಂದಿಗೆ ಕೆಲಸವಿರಲಿಲ್ಲ. ಕೆಲಸ ಸಿಗದ ಹೊಸ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ನೀಡುವ ಯುವನಿಧಿ ಯೋಜನೆಯನ್ನು ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಜಾರಿಗೆ ತಂದದ್ದೂ ಇದೇ ಕಾರಣಕ್ಕೆ. ಆದರೆ ಅದೇ ವರದಿಯ ಇನ್ನೊಂದು ಅಂಕಿಯನ್ನೂ ನೋಡಿ. 35 ದಾಟಿದ ಪದವೀಧರರಲ್ಲಿ ನಿರುದ್ಯೋಗ ಶೇಕಡಾ 5ಕ್ಕಿಂತ ಕಡಿಮೆ. ಅಂದರೆ ತಡವಾದರೂ ಕೆಲಸ ಸಿಗುತ್ತದೆ. ಅದು ಓದಿಗೆ ತಕ್ಕ ಕೆಲಸವೇ ಎಂಬುದು ಬೇರೆ ಮಾತು.

ಹಾಗಾದರೆ ಯಾವ ಪದವಿಯಾದರೂ ಆದೀತೇ? ಇಲ್ಲ. ನಾವಿರುವ ಕುವೈತ್‌ನಲ್ಲೇ ಇದಕ್ಕೆ ಉದಾಹರಣೆಯಿದೆ. 2018ರಲ್ಲಿ ಇಲ್ಲಿನ ವಿದೇಶಿ ಇಂಜಿನಿಯರುಗಳ ಅಕಾಮಾ ನವೀಕರಣಕ್ಕೆ ಕುವೈತ್ ಇಂಜಿನಿಯರುಗಳ ಸಂಘದ ಒಪ್ಪಿಗೆ ಪತ್ರ ಕಡ್ಡಾಯವಾಯಿತು. ಭಾರತದ ಪದವಿಗೆ ಎನ್‌ಬಿಎ, ಅಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆ ಇರಬೇಕೆಂದು ಸಂಘ ಕೇಳಿತು. ವರ್ಷಗಟ್ಟಲೆ ಇಲ್ಲಿ ದುಡಿದವರೂ ಸಂಕಟಕ್ಕೆ ಸಿಕ್ಕಿದರು. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ. ಅದಕ್ಕೂ ಮೊದಲು ಓದಿದವರು ಮಾನ್ಯತೆಯನ್ನು ಎಲ್ಲಿಂದ ತರಬೇಕು? ಅವರಿಗೆ ಅನ್ಯಾಯವಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಮುಂದೆ ಓದುವವರಿಗೆ ಇದೊಂದು ಎಚ್ಚರಿಕೆಯ ಗಂಟೆ.

ಪೋಷಕರೇ, ಊರಿನಲ್ಲಿ ಸೀಟು ಹುಡುಕುವಾಗ ಕಟ್ಟಡ, ಹಾಸ್ಟೆಲ್, ಡೊನೇಷನ್ ಎಲ್ಲವನ್ನೂ ವಿಚಾರಿಸುತ್ತೇವೆ. ಮಾನ್ಯತೆಯನ್ನು ಮಾತ್ರ ಕೇಳುವುದಿಲ್ಲ. ಎನ್‌ಬಿಎ ಮಾನ್ಯತೆ ಸಿಗುವುದು ಇಡೀ ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ, ಅದೂ ನಿಗದಿತ ಅವಧಿಗೆ. ಮಗು ಸೇರುವ ಕೋರ್ಸಿಗೆ ಅದು ಇದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ. ಆ ವಿಷಯ ಮಗುವಿಗೆ ಇಷ್ಟವೇ ಎಂಬುದನ್ನು ಅದಕ್ಕೂ ಮೊದಲು ಕೇಳಿ.

ವಿದ್ಯಾರ್ಥಿಗಳೇ, ಪದವಿ ನಿಮ್ಮನ್ನು ಸಂದರ್ಶನದ ಕೋಣೆಯ ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗೆ ಕುಳಿತವರು ಕೇಳುವುದು ನಿಮಗೇನು ಬರುತ್ತದೆ ಎಂದು. ರಜೆಯಲ್ಲಿ ಒಂದು ಕೆಲಸವನ್ನು ಕೈಯಾರೆ ಕಲಿಯಿರಿ. ತಿಳಿದದ್ದನ್ನು ತಪ್ಪಿಲ್ಲದೆ ಬರೆಯುವ, ಅಳುಕಿಲ್ಲದೆ ಹೇಳುವ ಅಭ್ಯಾಸ ಮಾಡಿಕೊಳ್ಳಿ. ಭಾಷೆ ಯಾವುದಾದರೂ ಸರಿ, ಅದು ಒಂದು ದಿನದಲ್ಲಿ ಬರುವುದಲ್ಲ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ಹಿರಿಯರು. ಎರಡರಲ್ಲಿ ಒಂದು ಸಾಕು ಎಂದು ಅವರು ಹೇಳಲಿಲ್ಲ.