ಸರ್ಕಾರಿ ವಕೀಲ ಯಾರಿಗೆ ಉತ್ತರ ಹೇಳಬೇಕು?

2023ರ ಮೇ ತಿಂಗಳ ಚುನಾವಣೆ ನೆನಪು ಮಾಡಿಕೊಳ್ಳಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮೂರರಲ್ಲೂ ಹಾಲಿ ಶಾಸಕರು ಸೋತರು. ಎಚ್.ಡಿ. ಕೋಟೆಯಲ್ಲಿ ಮಾತ್ರ ಹಾಲಿ ಶಾಸಕ ಅನಿಲ್ ಚಿಕ್ಕಮಾದು ಮತ್ತೆ ಗೆದ್ದರು. ಇಳಿಸೋದೂ ಉಳಿಸೋದೂ ಓಟಿನ ಕೈಲಿದೆ ಅಂತ ನಾವು ಕಣ್ಣಾರೆ ಕಂಡೆವು. ಆದರೆ ಕೇರಿಯವರ ಮೇಲೆ ಕೈ ಮಾಡಿದ ಕೇಸು ಕೋರ್ಟಿಗೆ ಹೋದಾಗ ನಮ್ಮ ಕಡೆ ಮಾತಾಡಬೇಕಾದ ಸರ್ಕಾರಿ ವಕೀಲನನ್ನು ನಾವು ಇಳಿಸಲೂ ಆಗದು, ಉಳಿಸಲೂ ಆಗದು.

ಅಮೆರಿಕದ 50 ರಾಜ್ಯಗಳಲ್ಲಿ 43ರಲ್ಲಿ ರಾಜ್ಯದ ದೊಡ್ಡ ವಕೀಲ, ಅಂದರೆ ಅಟಾರ್ನಿ ಜನರಲ್, ಓಟಿಗೆ ನಿಲ್ಲಬೇಕು. ಮಿನ್ನೆಸೋಟ ರಾಜ್ಯದಲ್ಲಿ ಆ ಜಾಗದಲ್ಲಿದ್ದವರು ಕಪ್ಪು ಜನರ ಕೀತ್ ಎಲಿಸನ್. 2020ರ ಮೇ 25ರಂದು ಅಲ್ಲಿ ಪೊಲೀಸಿನವನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆಯನ್ನು ಒಂಬತ್ತು ನಿಮಿಷ ಮಂಡಿಯಲ್ಲಿ ಒತ್ತಿ ಕೊಂದ. ಮೊಕದ್ದಮೆ ನಡೆಸಿದ್ದು ಎಲಿಸನ್ ಕಚೇರಿ. 2021ರಲ್ಲಿ ಕೊಲೆಗಾರನಿಗೆ ಇಪ್ಪತ್ತೆರಡೂವರೆ ವರ್ಷ ಶಿಕ್ಷೆ ಆಯ್ತು. 2022ರ ನವೆಂಬರಿನಲ್ಲಿ ಎಲಿಸನ್ ಮತ್ತೆ ಓಟು ಕೇಳಿ ಗೆದ್ದರು. ಅಂತರ ನೂರಕ್ಕೆ ಒಂದು ಓಟೂ ಇರಲಿಲ್ಲ.

ನಮ್ಮಲ್ಲಿ ಅಡ್ವೊಕೇಟ್ ಜನರಲ್ ಅವರನ್ನು ಸಂವಿಧಾನದ 165ನೇ ವಿಧಿಯಂತೆ ರಾಜ್ಯಪಾಲರು ನೇಮಿಸುತ್ತಾರೆ. ದೌರ್ಜನ್ಯದ ಕೇಸು ನಡೆಸುವ ವಿಶೇಷ ಸರ್ಕಾರಿ ವಕೀಲರನ್ನು 1989ರ ಕಾಯ್ದೆಯಂತೆ ಸರ್ಕಾರ ಗೊತ್ತುಮಾಡುತ್ತದೆ. 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದವು, ಕೊಂದವರು ಮಾತ್ರ ಯಾರೂ ಇಲ್ಲ!

ಹಾಗಾದರೆ ಇಲ್ಲೂ ವಕೀಲರಿಗೆ ಚುನಾವಣೆ ಮಾಡಿ ಅನ್ನೋಣವೇ? ಬೇಡ. ಊರಿನ ಓಟು ಹೆಚ್ಚು, ಕೇರಿಯ ಓಟು ಕಮ್ಮಿ. ಊರಿನ ಓಟು ಬೇಕಾದವನು ಊರಿನವರ ಮೇಲೆ ಗಟ್ಟಿಯಾಗಿ ವಾದ ಮಾಡ್ತಾನೆಯೇ? ಅಷ್ಟು ದೊಡ್ಡ ಕೇಸು ಗೆದ್ದ ಎಲಿಸನ್ನೇ ಕೂದಲೆಳೆಯಲ್ಲಿ ಪಾರಾದರು. ನಮಗೆ ಬೇಕಾದ್ದು ವಕೀಲನಿಂದ ಉತ್ತರ. ಅದನ್ನು ಕೇಳುವ ದಾರಿ ಕಾನೂನಿನಲ್ಲೇ ಇದೆ.

1995ರ ನಿಯಮಗಳ 4(5) ಓದಿ. ನೊಂದವರು ಬಯಸಿದರೆ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಹೆಸರಾಂತ ಹಿರಿಯ ವಕೀಲರನ್ನು ಸರ್ಕಾರದ ಖರ್ಚಿನಲ್ಲೇ ನೇಮಿಸಬಹುದು. 17ಎ ಪ್ರಕಾರ ಉಪವಿಭಾಗ ಮಟ್ಟದ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಈ ನಾಲ್ಕೂ ತಾಲ್ಲೂಕಿನ ಉಪವಿಭಾಗಾಧಿಕಾರಿ ಕಚೇರಿ ಇರೋದು ಹುಣಸೂರಿನಲ್ಲೇ. 2016ರಲ್ಲಿ ಜಾರಿಗೆ ಬಂದ 15ಎ ಕಲಮು ಸಾಕ್ಷಿಗಳಿಗೆ ರಕ್ಷಣೆ ಕೊಡಬೇಕು, ಓಡಾಟದ ಖರ್ಚು ಕೊಡಬೇಕು ಅನ್ನುತ್ತದೆ.

ಹಾಸ್ಟೆಲಿನ ಗೆಳೆಯರೇ, ಅಪ್ಪ ಅವ್ವನಿಗೆ ಬರೆಯಲು ಬಾರದ ಅರ್ಜಿ ನಮಗೆ ಬರೆಯಲು ಬರುತ್ತದೆ. ರಜೆಗೆ ಊರಿಗೆ ಹೋದಾಗ ಕೇರಿಯಲ್ಲಿ ಎಷ್ಟು ಕೇಸಿವೆ, ಯಾವ ಹಂತದಲ್ಲಿವೆ, ವಕೀಲರು ಯಾರು, ಒಂದೊಂದಾಗಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳೋಣ. ಸಮಿತಿ ಕಡೇ ಸಲ ಸೇರಿದ್ದು ಯಾವತ್ತು ಅಂತ ಹುಣಸೂರಿಗೆ ಹೋಗಿ ಕೇಳೋಣ. ವಿಚಾರಣೆಯ ದಿನ ಸಾಕ್ಷಿ ಹೇಳುವವರ ಜೊತೆ ಹತ್ತು ಜನ ಬಸ್ಸು ಹತ್ತೋಣ. ಒಂಟಿ ಮನುಷ್ಯನನ್ನು ಹೆದರಿಸೋದು ಸುಲಭ, ಹತ್ತು ಜನರನ್ನಲ್ಲ.

ಶಾಸಕರು ಐದು ವರ್ಷಕ್ಕೊಮ್ಮೆ ಓಟಿಗಾದರೂ ಕೇರಿಗೆ ಬರ್ತಾರೆ. ಸರ್ಕಾರಿ ವಕೀಲರು ಬರೋದಿಲ್ಲ. ನಾವೇ ಅವರ ಬಾಗಿಲಿಗೆ ಹೋಗಿ ನಿಲ್ಲೋಣ.

ಜೈಭೀಮ್.