ಬಾಯಿಪಾಠವೇ ಓದಲ್ಲ, ಎಣಿಕೆಯೇ ಲೆಕ್ಕವಲ್ಲ

ಅಕ್ಷರಮಾಲೆಯನ್ನು ತಡೆಯಿಲ್ಲದೆ ಒಪ್ಪಿಸುವ ಮಗುವಿಗೆಲ್ಲ ಓದು ಬಂದಿದೆಯೆಂದು ಹೇಳಬಹುದೆ? ಒಂದರಿಂದ ನೂರರವರೆಗೆ ರಾಗವಾಗಿ ಹೇಳುವ ಮಗುವಿಗೆ ಸಂಖ್ಯೆ ಎಂದರೇನೆಂಬುದು ತಿಳಿದಿದೆಯೆ? ಈ ಎರಡು ಪ್ರಶ್ನೆಗಳಿಗೂ 'ಹೌದು' ಎಂಬ ಉತ್ತರವನ್ನು ನಾವು ಬಹುಕಾಲದಿಂದ ಸುಲಭವಾಗಿ ಕೊಟ್ಟುಕೊಂಡು ಬಂದಿದ್ದೇವೆ. ಆ ಉತ್ತರ ಸರಿಯಲ್ಲವೆಂಬುದೇ ನಮ್ಮ ಅಭಿಪ್ರಾಯ.

ಪ್ರೌಢಶಾಲೆ, ಕಾಲೇಜುಗಳಲ್ಲಿ ಓದುತ್ತಿರುವವರಿಗೆ ಒಂದನೆಯ ತರಗತಿಯ ಮಾತೇಕೆ ಎಂದು ವಾಚಕರು ಕೇಳಬಹುದು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದರ ಸಂಬಂಧ ದಿನವೂ ಕಾಣುತ್ತದೆ. ವೇಗೋತ್ಕರ್ಷದ ಲೆಕ್ಕದಲ್ಲಿ ಎಡವುವ ವಿದ್ಯಾರ್ಥಿ ಎಷ್ಟೋ ಸಲ ನ್ಯೂಟನ್ನನ ನಿಯಮವನ್ನು ಅರಿಯದೆ ಎಡವುವುದಿಲ್ಲ. ಮೂರು ಸಾಲಿನ ಪ್ರಶ್ನೆಯನ್ನು ಓದಿ ಕೊಟ್ಟದ್ದೇನು, ಕೇಳಿದ್ದೇನು ಎಂದು ಬೇರ್ಪಡಿಸಲಾರದೆ ಎಡವುತ್ತಾನೆ. ಸೂತ್ರ ಬರೆದವನೇ 0.5 ದೊಡ್ಡದೋ 0.25 ದೊಡ್ಡದೋ ಎಂಬಲ್ಲಿ ತಡವರಿಸುತ್ತಾನೆ. ಬೇರಿನಲ್ಲಿ ಉಳಿದ ಕೊರತೆ ಕೊಂಬೆಯಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ. ಈ ನೆಲಕ್ಕೆ ವಿದ್ಯೆ ಹೊಸದಲ್ಲ. ತಾಳಗುಂದದ ಸ್ತಂಭಶಾಸನವು ಐದನೆಯ ಶತಮಾನದ್ದು. ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಅಧ್ಯಯನಕ್ಕಾಗಿ ಹೋದ ಸಂಗತಿಯನ್ನು ಕವಿ ಕುಬ್ಜನು ಅದರಲ್ಲಿ ಬಣ್ಣಿಸಿದ್ದಾನೆ. ಬಳ್ಳಿಗಾವಿಯ ಕೋಡಿಯಮಠವು ಶಾಸ್ತ್ರವ್ಯಾಖ್ಯಾನಗಳ ನೆಲೆಯಾಗಿತ್ತೆಂದು 1162ರ ಶಾಸನ ಸಾರುತ್ತದೆ. ಆದರೆ ಆ ಕಲ್ಲಿನ ಪಕ್ಕದಲ್ಲೇ ಗದ್ದೆ ಉಳುತ್ತಿದ್ದವನಿಗೆ ಅದರಲ್ಲಿ ಏನಿದೆಯೆಂದು ಓದಲು ಬರುತ್ತಿತ್ತೆ? ಅಂದಿನ ವಿದ್ಯೆ ಕೆಲವರ ಸೊತ್ತು. ಎಲ್ಲ ಮಕ್ಕಳಿಗೂ ಶಾಲೆ ಎಂಬುದು ನಮ್ಮ ಕಾಲದ ಸಂಕಲ್ಪ. 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಶಿಕ್ಷಣ ಹಕ್ಕೆಂಬ ಕಾನೂನು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಮಗು ಶಾಲೆಯ ಹೊಸ್ತಿಲನ್ನೇನೋ ದಾಟಿತು. ಒಳಗೆ ಕುಳಿತ ಮಗುವಿಗೆ ಓದು ಬಂದಿತೆ ಎಂಬುದು ಉಳಿದ ಪ್ರಶ್ನೆ.

ಓದು ಎಂದರೇನು? ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳೆಂದು ಹೇಳುತ್ತೇವೆ. ಆದರೆ ಪುಟದ ಮೇಲೆ ಮಗು ಎದುರಿಸುವ ಆಕಾರಗಳು ಅಷ್ಟೇ ಅಲ್ಲ. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ ಕಾಗುಣಿತವೇ 442 ಆಗುತ್ತದೆ. ಒತ್ತಕ್ಷರಗಳು ಇದಕ್ಕೆ ಹೊರತು. ಕನ್ನಡ ಮಕ್ಕಳ ಓದಿನ ಕಲಿಕೆಯನ್ನು ಅಭ್ಯಸಿಸಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಅಕ್ಷರಗಳ ಹಿಡಿತ ಮೊದಲ ಎರಡು ತರಗತಿಗಳಲ್ಲಿ ಮುಗಿಯುವುದಿಲ್ಲ. ಮುಂದೆಯೂ ಬೆಳೆಯುತ್ತ ಹೋಗುತ್ತದೆ. 442 ಆಕಾರಗಳನ್ನು ಒಂದೊಂದಾಗಿ ನೆನಪಿಡುವುದು ಯಾರಿಗೂ ಕಷ್ಟ. ಆದರೆ ಗುಡಿಸು, ಕೊಂಬು, ಏತ್ವ ಇವು ಯಾವ ವ್ಯಂಜನಕ್ಕೆ ಸೇರಿದರೂ ಒಂದೇ ಕೆಲಸ ಮಾಡುತ್ತವೆಂಬುದನ್ನು ಕಂಡುಕೊಂಡ ಮಗುವಿಗೆ ಹೊರೆ ಇಳಿಯುತ್ತದೆ. ಸಾವಿರ ವಸ್ತುಗಳ ಬೀಳುವಿಕೆಯನ್ನು ಒಂದೇ ನಿಯಮದಿಂದ ತಿಳಿಯುವ ಭೌತವಿಜ್ಞಾನಿಯ ಸಂತೋಷವೇ ಅದು. 'ಪು', 'ವು'ಗಳಲ್ಲಿ ಕೊಂಬು ಕೆಳಗೆ ಇಳಿಯುವಂತಹ ಅಪವಾದಗಳನ್ನು ನಿಯಮ ಗೊತ್ತಾದ ಬಳಿಕ ಕಲಿಯುವುದು ಸುಲಭ.

ಈ ದಿಕ್ಕಿನಲ್ಲಿ ನಮ್ಮ ರಾಜ್ಯ ಒಂದು ಒಳ್ಳೆಯ ಹೆಜ್ಜೆಯನ್ನು ಇಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ 'ನಲಿ-ಕಲಿ' ಪದ್ಧತಿಯನ್ನು 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಲಾಯಿತು. ಅದರಲ್ಲಿ ಅಕ್ಷರಕಲಿಕೆ 'ಅ, ಆ, ಇ, ಈ' ಎಂದು ತೊಡಗುವುದಿಲ್ಲ. 'ರ, ಗ, ಸ, ದ, ಅ' ಎಂದು ತೊಡಗುತ್ತದೆ. ಐದೇ ಅಕ್ಷರಗಳು, ಆದರೆ ಅವುಗಳಿಂದ ಸರ, ದರ, ರಸ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಸ್ವರಗಳನ್ನೆಲ್ಲ ಉರುಹೊಡೆದ ಮಗುವಿಗೆ ಓದಲು ಒಂದು ಪದವೂ ದೊರೆಯುವುದು ಕಷ್ಟ. ಈ ಐದನ್ನು ಕಲಿತ ಮಗು ಕೂಡಲೇ ಓದುಗನಾಗುತ್ತದೆ. ಅಕ್ಷರದ ಹಿಂದೆ ಅರ್ಥವಿದೆಯೆಂಬ ಅರಿವು ಹುಟ್ಟುವುದು ಇಲ್ಲಿಯೇ.

ಆದರೆ ಆ ಅರ್ಥ ಮಗುವಿಗೆ ಮೊದಲೇ ಕಿವಿಯಿಂದ ತಿಳಿದಿರಬೇಕಲ್ಲವೆ? ಶಿಕಾರಿಪುರ ತಾಲ್ಲೂಕಿನ ತಾಂಡಾಗಳಿಂದ ಬರುವ ಮಗುವಿನ ಮನೆಮಾತು ಲಂಬಾಣಿ. ಶಿರಾಳಕೊಪ್ಪದ ಎಷ್ಟೋ ಮನೆಗಳಲ್ಲಿ ಉರ್ದು. 'ಅಗಸ' ಎಂಬುದನ್ನು ತಪ್ಪಿಲ್ಲದೆ ಉಚ್ಚರಿಸಿದರೂ ಆ ಪದವನ್ನೇ ಕೇಳರಿಯದ ಮಗು ಓದಿದಂತಾಗಲಿಲ್ಲ. ಇಂತಹ ಮಕ್ಕಳಿಗೆ ಪುಸ್ತಕಕ್ಕಿಂತ ಮೊದಲು ಕನ್ನಡದ ಮಾತು, ಕಥೆ, ಹಾಡು ಧಾರಾಳವಾಗಿ ದೊರೆಯಬೇಕು. ಅವರ ಮನೆಮಾತಿಗೂ ತರಗತಿಯಲ್ಲಿ ಗೌರವದ ಸ್ಥಾನವಿರಬೇಕು.

ಇನ್ನು ಲೆಕ್ಕದ ಮಾತು. ಎರಡು ಸಾಲುಗಳಲ್ಲಿ ಸಮಸಂಖ್ಯೆಯ ಕಲ್ಲುಹರಳುಗಳನ್ನಿಟ್ಟು, ಒಂದು ಸಾಲನ್ನು ಮಾತ್ರ ಅಗಲಿಸಿದರೆ, ನಾಲ್ಕೈದು ವರ್ಷದ ಮಗು ಉದ್ದದ ಸಾಲಿನಲ್ಲಿಯೇ ಹರಳು ಹೆಚ್ಚೆಂದು ಹೇಳುವುದುಂಟು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಇಂತಹ ಪ್ರಯೋಗಗಳನ್ನು 1941ರ ಗ್ರಂಥದಲ್ಲಿ ವಿವರಿಸಿದನು. ಮಗು ಎಣಿಸಬಲ್ಲುದು, ಸಂಖ್ಯೆಯನ್ನು ಇನ್ನೂ ಅರಿತಿಲ್ಲ. ಈ ಅರಿವನ್ನು ಮೂಡಿಸಲು ಕನ್ನಡ ಭಾಷೆಯೇ ನೆರವಾಗುತ್ತದೆ. ಇಪ್ಪತ್ತು ಎಂದರೆ ಎರಡು ಹತ್ತು, ಮೂವತ್ತು ಎಂದರೆ ಮೂರು ಹತ್ತು, ಅರವತ್ತು ಎಂದರೆ ಆರು ಹತ್ತು. ಮೂವತ್ತೈದು ಎಂದೊಡನೆ ಸ್ಥಾನಬೆಲೆಯನ್ನೇ ಬಾಯಿಬಿಟ್ಟು ಹೇಳಿದಂತಾಯಿತು. ಹತ್ತು ಕಡ್ಡಿಗಳ ಕಟ್ಟುಗಳನ್ನೋ, ಹತ್ತು ಹತ್ತು ಅಡಕೆಗಳ ಗುಂಪುಗಳನ್ನೋ ಮುಂದಿಟ್ಟು ಈ ಹೆಸರುಗಳನ್ನು ಬಿಡಿಸಿ ತೋರಿಸಿದರೆ ದಶಕ, ಬಿಡಿಗಳು ತಾವಾಗಿಯೇ ತಿಳಿಯುತ್ತವೆ. ಅಡಕೆಯ ಸೀಮೆಯಲ್ಲಿ ಇದಕ್ಕೆ ಬೇರೆ ಉಪಕರಣ ಬೇಕೆ?

ಸಂತೆಯಲ್ಲಿ ತಾಯಿಯೊಡನೆ ಕುಳಿತು ಚಿಲ್ಲರೆ ಎಣಿಸುವ ಮಗು ಶಾಲೆಯ ಲೆಕ್ಕವನ್ನೂ ಮಾಡೀತೆಂದು ನಂಬುವಂತಿಲ್ಲ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವ್ಯಾಪಾರದ ತೊಡಕಿನ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿದ ಮಕ್ಕಳು ಅದನ್ನೇ ಹೋಲುವ ಪಠ್ಯಪುಸ್ತಕದ ಲೆಕ್ಕದಲ್ಲಿ ಸೋತರು. ಶಾಲೆಯ ಮಕ್ಕಳು ಸಂತೆಯ ಲೆಕ್ಕದಲ್ಲಿ ಸೋತರು. ಈ ಎರಡು ದಡಗಳ ನಡುವೆ ಸೇತುವೆ ಕಟ್ಟುವುದು ಶಾಲೆಯ ಕೆಲಸ.

ಪರಿಸ್ಥಿತಿ ಹೇಗಿದೆ? ಗ್ರಾಮೀಣ ಮಕ್ಕಳ ಮನೆಗೇ ಹೋಗಿ, ಒಬ್ಬೊಬ್ಬರನ್ನೇ ಓದಿಸಿ ನೋಡುವ 'ಅಸರ್' ಸಮೀಕ್ಷೆಯ 2024ರ ವರದಿಯಂತೆ, ದೇಶದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇಕಡ 27.1, ಕಳೆಯುವ ಲೆಕ್ಕ ಮಾಡಬಲ್ಲವರು ಶೇಕಡ 33.7. ಮೂರನೆಯ ತರಗತಿ ಮುಗಿಯುವುದರೊಳಗೆ ಎಲ್ಲ ಮಕ್ಕಳಿಗೂ ಓದು, ಲೆಕ್ಕ ಬರಬೇಕೆಂಬ 'ನಿಪುಣ ಭಾರತ' ಯೋಜನೆ 2021ರ ಜುಲೈ 5ರಂದು ಆರಂಭವಾಗಿ, 2026–27ನ್ನು ಗಡುವಾಗಿ ಇಟ್ಟುಕೊಂಡಿತು. ಗಡುವಿನಿಂದಲೇ ಮಗು ಓದಲಾರದು. ನಾಲ್ಕನೆಯ ತರಗತಿಯಿಂದ ಮುಂದೆ ಪಾಠವೆಲ್ಲ ಓದಿನ ಮೂಲಕವೇ ನಡೆಯುತ್ತದೆ. ಓದು ಬಾರದ ಮಗು ವಿಜ್ಞಾನ, ಸಮಾಜ ಎಲ್ಲದರಲ್ಲಿಯೂ ಒಟ್ಟಿಗೆ ಹಿಂದುಳಿಯುತ್ತದೆ, ಕಡೆಗೆ ತಾನು ದಡ್ಡನೆಂದು ನಂಬುತ್ತದೆ. ಈ ನಂಬಿಕೆಯೇ ಎಲ್ಲಕ್ಕಿಂತ ದೊಡ್ಡ ನಷ್ಟ.

ಇದಕ್ಕೆ ಅಧ್ಯಾಪಕರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಮಲೆನಾಡಿನ ಅಂಚಿನ ಸಣ್ಣ ಶಾಲೆಯಲ್ಲಿ ಒಬ್ಬರೇ ಹಲವು ತರಗತಿಗಳನ್ನು ನಡೆಸಬೇಕಾಗುತ್ತದೆ. ಮೂರು ವರ್ಷದ ಕೂಸಿನ ಕೈಗೆ ಸೀಸದಕಡ್ಡಿ ಕೊಟ್ಟು ಪುಟಗಟ್ಟಲೆ ತೀಡಿಸುವುದೂ ಪರಿಹಾರವಲ್ಲ. ಅಂಗನವಾಡಿಯ ವಯಸ್ಸಿಗೆ ಹಾಡು, ಒಗಟು, ಕಥೆ, ಪದದ ಮೊದಲ ದನಿಯನ್ನು ಗುರುತಿಸುವ ಆಟ ಇವೇ ನಿಜವಾದ ಸಿದ್ಧತೆ. ಬೇಕಾದುದು ಎರಡು: ಪ್ರತಿಯೊಂದು ಮಗುವಿಗೂ ಬೇರೆಬೇರೆಯಾಗಿ, ಎಂದೂ ಕಾಣದ ನಾಲ್ಕು ವಾಕ್ಯಗಳನ್ನು ಓದಲು ಕೊಟ್ಟು ನೋಡುವುದು, ತರಗತಿ ಯಾವುದೇ ಇರಲಿ, ಮಗು ನಿಂತಿರುವ ಮೆಟ್ಟಿಲಿನಿಂದಲೇ ದಿನಕ್ಕೊಂದು ಗಂಟೆ ಕಲಿಸುವುದು. 2019ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಭಾರತದಲ್ಲಿಯೇ ನಡೆಸಿದ ಪ್ರಯೋಗಗಳು ಈ ಕ್ರಮಕ್ಕೆ ಬೆಂಬಲವಾಗಿವೆ.

ವಿದ್ಯಾರ್ಥಿ ಮಿತ್ರರೇ, ಇದರಲ್ಲಿ ನಿಮಗೂ ಪಾಲುಂಟು. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಎರಡು ಮೂರನೆಯ ತರಗತಿಯ ಮಗುವಿರಬಹುದು. ವಾರಕ್ಕೆರಡು ಸಂಜೆ ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಾಠವಲ್ಲದ ಒಂದು ಕಥೆಯನ್ನು ಅದರಿಂದಲೇ ಓದಿಸಿ. ತಪ್ಪಿದರೆ ಗದರಿಸಬೇಡಿ, ಏನು ಅರ್ಥವಾಯಿತೆಂದು ಕೇಳಿ. ಒಂದು ಹಿಡಿ ಅಡಕೆಯನ್ನೋ ಹುಣಿಸೆಬೀಜವನ್ನೋ ಕೊಟ್ಟು ಹತ್ತರ ಗುಂಪು ಮಾಡಿಸಿ. ಖರ್ಚಿಲ್ಲದ ಈ ಕೆಲಸಕ್ಕೆ ಬೇಕಾದುದು ತಾಳ್ಮೆ ಮಾತ್ರ.