ರಂಬುಟಾನ್ ನೆಡಿ, ಆದರೆ ಪುನರ್ಪುಳಿ ಕಡಿಯಬೇಡಿ

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ಮೂವರು. ಒಬ್ಬನ ಮನೆ ಬಂಟ್ವಾಳದ ಕಡೆ, ಒಬ್ಬನದು ಬೆಳ್ತಂಗಡಿ, ಇನ್ನೊಬ್ಬನದು ಮೂಡುಬಿದಿರೆ. ರಜೆ ಮುಗಿಸಿ ಬಂದಾಗ ಮೂವರ ಬಾಯಲ್ಲೂ ಒಂದೇ ಸುದ್ದಿ: ಮನೆಗೆ ಹೊಸ ಗಿಡ ಬಂದಿದೆ. ರಂಬುಟಾನ್, ಮ್ಯಾಂಗೋಸ್ಟಿನ್, ಡ್ರ್ಯಾಗನ್ ಫ್ರೂಟ್. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಫೋಟೋ ಬೇರೆ.

ಹೊರಗಿನ ಗಿಡದ ಮೇಲೆ ನಮಗೇನೂ ಸಿಟ್ಟಿಲ್ಲ. ನಮ್ಮದೇ ಅಂದುಕೊಂಡಿರುವ ಗೇರು, ಅನಾನಸು ಎರಡೂ ಪೋರ್ಚುಗೀಸರ ಜೊತೆ ಅಮೆರಿಕದಿಂದ ಬಂದವು. ಪೋಡಿ ಮಾಡುವ ಜೀಗುಜ್ಜೆಯ ಮೂಲ ಪೆಸಿಫಿಕ್ ದ್ವೀಪಗಳು. ಅಡಿಕೆ ತೋಟದ ಕೊಕ್ಕೊ ಒಂದು ಕಾಲದಲ್ಲಿ ವಿಚಿತ್ರ ಗಿಡವೇ. 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆಯೇ ಶುರುವಾಯಿತು. ಮೂಡುಬಿದಿರೆಯ ಸೋನ್ಸ್ ಫಾರ್ಮ್‌ಗೆ ಹೋದರೆ ರಂಬುಟಾನ್, ಮ್ಯಾಂಗೋಸ್ಟಿನ್ ನಮ್ಮ ಮಣ್ಣಲ್ಲೂ ಬೆಳೆಯುತ್ತವೆ ಅಂತ ಗೊತ್ತಾಗುತ್ತದೆ. ಹಾಗಾಗಿ ಪ್ರಶ್ನೆ ಹೊಸದು-ಹಳೆಯದು ಅಂತಲ್ಲ. ನಾವು ಆರಿಸುವ ರೀತಿಯದ್ದು.

ನಮ್ಮಲ್ಲೊಬ್ಬನ ಮನೆಯ ಕಥೆ ಕೇಳಿ. ಗಾಡಿಯಲ್ಲಿ ಮಾರಲು ಬಂದವರಿಂದ ರಂಬುಟಾನಿನ ಬೀಜದ ಸಸಿ ತೆಗೆದುಕೊಂಡರು. ಅದಕ್ಕೆ ಬಿಸಿಲು ಬೇಕು ಅಂತ ಅಜ್ಜಿ ನೆಟ್ಟ ಪುನರ್ಪುಳಿ ಮರ ಕಡಿದರು. ಆರನೇ ವರ್ಷ ರಂಬುಟಾನ್ ಹೂ ಬಿಟ್ಟಿತು. ಮನೆಯವರಿಗೆಲ್ಲ ಖುಷಿ. ಹೂ ಪೂರ್ತಿ ಉದುರಿತು, ಒಂದು ಕಾಯಿಯೂ ನಿಲ್ಲಲಿಲ್ಲ. ಮರುವರ್ಷವೂ ಅದೇ. ಕೊನೆಗೆ ಗೊತ್ತಾಯಿತು, ಅದು ಗಂಡು ಮರ! ಈಗ ಬೇಸಿಗೆಯಲ್ಲಿ ಪುನರ್ಪುಳಿ ಶರಬತ್ತಿಗೆ ಅಂಗಡಿಯ ಬಾಟಲಿ. ಅಜ್ಜಿ ಏನೂ ಹೇಳುವುದಿಲ್ಲ, ಆದರೆ ಆ ಬಾಟಲಿಯ ಶರಬತ್ತು ಕುಡಿಯುವುದೂ ಇಲ್ಲ.

ರಂಬುಟಾನ್ ಬೀಜದ ಸಸಿಗಳಲ್ಲಿ ಸರಿಸುಮಾರು ಅರ್ಧ ಗಂಡಾಗಬಹುದು. ಕಸಿ ಗಿಡವಾದರೆ ಆ ಭಯವಿಲ್ಲ, ಮೂರ್ನಾಲ್ಕು ವರ್ಷದಲ್ಲೇ ಹಣ್ಣು. ತಮಾಷೆ ಅಂದರೆ ಪುನರ್ಪುಳಿಯಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಅಂದರೆ ಆ ಮನೆಯಲ್ಲಿ ಕಡಿದದ್ದು ಹಣ್ಣು ಬಿಡುವ ಹೆಣ್ಣು ಮರ, ಸಾಕಿದ್ದು ಗಂಡು. ನಾವು ಲ್ಯಾಪ್‌ಟಾಪ್ ತೆಗೆದುಕೊಳ್ಳುವಾಗ ಹತ್ತು ರಿವ್ಯೂ ನೋಡುತ್ತೇವೆ. ಐವತ್ತು ವರ್ಷ ನಿಲ್ಲುವ ಮರಕ್ಕೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಕೇಳಬೇಕಾದದ್ದು ಮೂರೇ. ಬೀಜದ್ದೋ, ಕಸಿಯೋ? ನಮ್ಮ ಮಳೆಗೆ ತಡೆಯುತ್ತದಾ? ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರು ನಮ್ಮದು. ಡ್ರ್ಯಾಗನ್ ಫ್ರೂಟ್ ಕಳ್ಳಿ ಜಾತಿ, ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಏರಿ ಮಾಡಿ ನೆಡಬೇಕು. ಮೂರನೆಯದು, ಮಾರ್ಚ್-ಏಪ್ರಿಲ್‌ನಲ್ಲಿ ನೀರು ಹಾಕುವವರು ಯಾರು? ಮುರಕಲ್ಲಿನ ನೆಲ ಬೇಗ ಒಣಗುತ್ತದೆ, ಮ್ಯಾಂಗೋಸ್ಟಿನ್‌ಗೆ ತೇವ ಯಾವಾಗಲೂ ಇರಬೇಕು. ಗಿಡ ಆರ್ಡರ್ ಮಾಡುವುದು ನಾವು, ಕೊಡಪಾನ ಹೊರುವುದು ಅಮ್ಮ. ಇದು ಸರಿಯಾ?

ಇನ್ನು, ಅಪರೂಪದ ಗಿಡವೇ ಬೇಕು ಅಂದರೆ ದೂರ ಹೋಗಬೇಕಾಗಿಲ್ಲ ಮಾರಾಯ್ರೆ. ಇವತ್ತು ನಮ್ಮ ಅಂಗಳಗಳಲ್ಲಿ ನಿಜವಾಗಿ ಅಪರೂಪ ಆಗಿರುವುದು ಕುಂಟಾಲ, ಕೇಪಳ, ಬಿಂಬುಳಿ. ಕೇಪಳ ಅಲಂಕಾರಕ್ಕೂ ಆಯಿತು, ಮಕ್ಕಳಿಗೆ ಹಣ್ಣೂ ಸಿಕ್ಕಿತು. ಬೇಲಿಯ ಶಂಖಪುಷ್ಪ ಈಗ 'ಬ್ಲೂ ಟೀ' ಅಂತ ಪ್ಯಾಕೆಟ್ಟಿನಲ್ಲಿ ಮಾರಾಟಕ್ಕಿದೆ. ಹೂ ಕುದಿಸಿದ ನೀರಿಗೆ ಲಿಂಬೆ ಹಿಂಡಿ ನೋಡಿ, ನೀಲಿ ಹೋಗಿ ನೇರಳೆ-ಗುಲಾಬಿ ಆಗುತ್ತದೆ. ಕೆಮಿಸ್ಟ್ರಿ ಲ್ಯಾಬಿನ ಇಂಡಿಕೇಟರ್ ಬೇಲಿಯಲ್ಲೇ ಉಂಟು. ಒಂದು ಎಚ್ಚರಿಕೆ: ಬಣ್ಣಬಣ್ಣದ ಎಲೆಯ ಕ್ಯಾಲೇಡಿಯಂ ಕೆಸುವಿನ ನೆಂಟನೇ, ಆದರೆ ಅದು ವಿಷ. ಪತ್ರೊಡೆಗೆ ಅಲ್ಲ.

ಜಾಗ ಇದ್ದವರು ರಂಬುಟಾನನ್ನೂ ನೆಡಿ, ಕಸಿಯದ್ದನ್ನೇ ನೆಡಿ. ಆದರೆ ಅದಕ್ಕಾಗಿ ಇರುವ ಮರಕ್ಕೆ ಕತ್ತಿ ಹಾಕುವ ಮೊದಲು ಅದನ್ನು ನೆಟ್ಟವರನ್ನು ಒಂದು ಮಾತು ಕೇಳಿ. ನಾವಂತೂ ಈ ಸಲ ಮಳೆ ಹಿಡಿದ ಕೂಡಲೇ ಎರಡು ಪುನರ್ಪುಳಿ ಕಸಿ ಗಿಡ ತರುತ್ತೇವೆ. ಒಂದು ಆ ಅಜ್ಜಿಯ ಅಂಗಳಕ್ಕೆ. ಇನ್ನೊಂದು, ಕಾಲೇಜಿನವರು ಒಪ್ಪಿದರೆ, ಕ್ಯಾಂಟೀನಿನ ಹಿಂದೆ ಖಾಲಿ ಬಿದ್ದಿರುವ ಜಾಗಕ್ಕೆ. ಹಣ್ಣಾಗುವ ಹೊತ್ತಿಗೆ ನಾವು ಪಾಸಾಗಿ ಹೋಗಿರುತ್ತೇವೆ. ಶರಬತ್ತು ಜೂನಿಯರ್‌ಗಳು ಕುಡಿಯಲಿ.